ಕಾರು ಕೊಳ್ಳುವ ಮುನ್ನ: ವಿಶ್ವಾಸಾರ್ಹತೆ, ಮರುಮಾರಾಟ ಮೌಲ್ಯ ಮತ್ತು ಚಾಲನೆಯ ಸುಖ

ಕಾರವಾರ–ಅಂಕೋಲಾ ಭಾಗದ ವರ್ತಕರ ದೃಷ್ಟಿಯಿಂದ ಒಂದು ಪರಿಶೀಲನೆ

ಯಂತ್ರವೊಂದನ್ನು ಕೊಳ್ಳುವ ಸಣ್ಣ ಕೈಗಾರಿಕೋದ್ಯಮಿಯು ಅದರ ಉತ್ಪಾದನಾ ಸಾಮರ್ಥ್ಯ, ವಿದ್ಯುತ್ ವೆಚ್ಚ, ಬಿಡಿಭಾಗಗಳ ಲಭ್ಯತೆ ಹಾಗೂ ಆಯುಷ್ಯವನ್ನು ಕಾಗದದ ಮೇಲೆ ಬರೆದುಕೊಂಡ ನಂತರವೇ ಮುಂಗಡ ಕೊಡುತ್ತಾನೆ. ಅದೇ ಉದ್ಯಮಿ ಕಾರು ಕೊಳ್ಳಲು ಹೊರಟಾಗ ಈ ಶಿಸ್ತು ಸಡಿಲವಾಗುವುದುಂಟು. ನೆಂಟರ ಸಲಹೆ, ಶೋರೂಮಿನ ರಿಯಾಯಿತಿ, ಬಣ್ಣ, ಪರದೆಯ ಗಾತ್ರ ಮುಂತಾದವುಗಳೇ ತೀರ್ಮಾನವನ್ನು ನಿರ್ಧರಿಸಿಬಿಡುತ್ತವೆ. ಮನೆ ಮತ್ತು ಅಂಗಡಿಯನ್ನು ಬಿಟ್ಟರೆ ಸಣ್ಣ ವರ್ತಕನ ಹಣ ದೊಡ್ಡ ಮೊತ್ತದಲ್ಲಿ ತೊಡಗುವುದು ಬಹುಮಟ್ಟಿಗೆ ವಾಹನದಲ್ಲಿಯೇ. ಮನೆ ಅಥವಾ ಅಂಗಡಿಯ ಬೆಲೆ ಕಾಲಕ್ರಮದಲ್ಲಿ ಏರಬಹುದು. ಕಾರಿನ ಬೆಲೆಯಾದರೋ ಕೊಂಡ ದಿನದಿಂದಲೇ ಇಳಿಯತೊಡಗುತ್ತದೆ. ಹೀಗಿರುವಾಗ ಈ ಖರೀದಿಗೂ ಯಂತ್ರದ ಖರೀದಿಗೆ ಇರುವಷ್ಟೇ ಲೆಕ್ಕಾಚಾರ ಅಗತ್ಯ.

ಕಾರಿನ ಆಯ್ಕೆಯಲ್ಲಿ ಸಾಮಾನ್ಯವಾಗಿ ಮೂರು ಗುಣಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಕೈಕೊಡದೆ ಓಡುವ ವಿಶ್ವಾಸಾರ್ಹತೆ ಮೊದಲನೆಯದು. ಮಾರುವಾಗ ಕೈಗೆ ಬರುವ ಹಣ, ಅಂದರೆ ಮರುಮಾರಾಟ ಮೌಲ್ಯ, ಎರಡನೆಯದು. ಚಾಲನೆಯ ಸುಖ ಮೂರನೆಯದು. ಮೂರರಲ್ಲಿಯೂ ಮೇಲುಗೈ ಸಾಧಿಸಿದ ಕಾರು ಒಂದೇ ಬೆಲೆಯಲ್ಲಿ ದೊರಕುವುದು ಅಪರೂಪ. ಆದುದರಿಂದ ಯಾವ ಗುಣಕ್ಕೆ ಎಷ್ಟು ತೂಕ ಕೊಡಬೇಕೆಂಬುದೇ ನಿಜವಾದ ಪ್ರಶ್ನೆಯಾಗಿದೆ.

ಮೂರು ಗುಣಗಳಿಗೆ ಮೂರು ಅಂಕಿಗಳು

ಈ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಆದರೆ ಪ್ರತಿಯೊಬ್ಬ ಗ್ರಾಹಕನೂ ತನ್ನ ಉತ್ತರವನ್ನು ಕಂಡುಕೊಳ್ಳಲು ಮೂರು ಅಂಕಿಗಳು ಸಾಕು. ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುವ ಉದ್ದೇಶವಿದೆ, ವರ್ಷಕ್ಕೆ ಎಷ್ಟು ಕಿಲೋಮೀಟರು ಓಡಿಸಬೇಕಾಗಿದೆ, ಮತ್ತು ಮಾಲೀಕನು ಸ್ವತಃ ಸ್ಟೀರಿಂಗ್ ಹಿಡಿದು ಎಷ್ಟು ಗಂಟೆ ಕಳೆಯುತ್ತಾನೆ ಎಂಬಿವೇ ಆ ಅಂಕಿಗಳು.

ಮೂರು–ನಾಲ್ಕು ವರ್ಷಗಳಿಗೊಮ್ಮೆ ಕಾರು ಬದಲಿಸುವವನಿಗೆ ಮರುಮಾರಾಟ ಮೌಲ್ಯವೇ ಅತಿ ದೊಡ್ಡ ವೆಚ್ಚದ ಬಾಬ್ತು. ಹತ್ತು–ಹನ್ನೆರಡು ವರ್ಷ ಇಟ್ಟುಕೊಳ್ಳುವವನಿಗೆ ಅದರ ಮಹತ್ವ ಕುಗ್ಗಿ, ವಿಶ್ವಾಸಾರ್ಹತೆಯ ಮಹತ್ವ ಹೆಚ್ಚುತ್ತದೆ. ಹೆಚ್ಚು ದೂರ ಓಡಿಸುವವನಿಗೆ ಇಂಧನ ಮತ್ತು ದುರಸ್ತಿ ಮುಖ್ಯ. ದಿನಕ್ಕೆ ಮೂರು–ನಾಲ್ಕು ಗಂಟೆ ತಾನೇ ಓಡಿಸುವವನಿಗೆ ಚಾಲನೆಯ ಸುಖವು ಶೋಕಿಯಲ್ಲ, ಆರೋಗ್ಯ ಮತ್ತು ಸುರಕ್ಷತೆಯ ವಿಷಯ. ಈ ಮೂಲ ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದನ್ನೇ ಪರಿಶೀಲಿಸಬಹುದು.

ಈ ಭಾಗದ ರಸ್ತೆ ಮತ್ತು ಹವೆ

ಬೆಂಗಳೂರಿನಲ್ಲಿ ಒಪ್ಪುವ ಕಾರು ಕಾರವಾರ–ಅಂಕೋಲೆಗಳಲ್ಲಿಯೂ ಒಪ್ಪಬೇಕೆಂದೇನೂ ಇಲ್ಲ. ಇಲ್ಲಿ ವಾರ್ಷಿಕ ಮಳೆ 3,000 ಮಿಲಿಮೀಟರಿಗೂ ಹೆಚ್ಚು. ಸಮುದ್ರದ ಉಪ್ಪುಗಾಳಿ ವರ್ಷವಿಡೀ ಬೀಸುತ್ತದೆ. ಕರಾವಳಿಯುದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 66 ಸಮತಟ್ಟಾಗಿ ಹಾದುಹೋದರೆ, ಅಂಕೋಲೆಯಿಂದ ಹುಬ್ಬಳ್ಳಿಯ ಕಡೆಗೆ ತಿರುಗುವ ರಾಷ್ಟ್ರೀಯ ಹೆದ್ದಾರಿ 52 ಅರಬೈಲು ಘಟ್ಟವನ್ನೇರಿ ಯಲ್ಲಾಪುರ ತಲುಪುತ್ತದೆ. ಭಾರದ ಲಾರಿಗಳ ಹಿಂದೆ ಮೊದಲನೆಯ, ಎರಡನೆಯ ಗೇರಿನಲ್ಲಿ ತೆವಳುವುದು ಈ ಘಟ್ಟದಲ್ಲಿ ನಿತ್ಯದ ಅನುಭವ. 2010ರಲ್ಲಿ ರಾಜ್ಯ ಸರಕಾರವು ಅದಿರು ರಫ್ತನ್ನು ನಿಷೇಧಿಸುವವರೆಗೆ ಬೇಲೆಕೇರಿ ಮತ್ತು ಕಾರವಾರ ಬಂದರುಗಳಿಗೆ ಸಾಗುತ್ತಿದ್ದ ಲಾರಿಗಳಿಂದ ಈ ರಸ್ತೆಯ ಸ್ಥಿತಿ ಏನಾಗಿತ್ತೆಂಬುದು ಹಳೆಯ ವರ್ತಕರಿಗೆ ನೆನಪಿದೆ.

ರಸ್ತೆಯೇ ಕೈಕೊಡುವ ಸಂದರ್ಭಗಳೂ ಇವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಹೆದ್ದಾರಿ ದಿನಗಟ್ಟಲೆ ಮುಚ್ಚಿ ವಾಹನಗಳು ಸುತ್ತುದಾರಿ ಹಿಡಿಯಬೇಕಾಯಿತು. ಅದೇ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ಆ ನಂತರ ಎರಡೂ ದಿಕ್ಕಿನ ಸಂಚಾರ ಹೊಸ ಸೇತುವೆಯ ಮೇಲೆ ಬಿತ್ತು. ಇಂತಹ ದಿನಗಳಲ್ಲಿ ಅಪರಿಚಿತ ಘಟ್ಟದ ದಾರಿಯಲ್ಲಿ, ಮಳೆಯಲ್ಲಿ, ರಾತ್ರಿಯ ಹೊತ್ತು ಕಾರು ನಿಂತುಹೋಗದಿರುವುದೇ ಅದರ ದೊಡ್ಡ ಗುಣ.

ವಿಶ್ವಾಸಾರ್ಹತೆ ಎಂದರೇನು?

ವಿಶ್ವಾಸಾರ್ಹತೆಯಲ್ಲಿ ಎರಡು ಅಂಶಗಳಿವೆ. ಕೆಡದಿರುವುದು ಒಂದು, ಕೆಟ್ಟರೆ ಬೇಗನೆ, ಹತ್ತಿರದಲ್ಲಿಯೇ, ಕಡಿಮೆ ಖರ್ಚಿನಲ್ಲಿ ಸರಿಯಾಗುವುದು ಇನ್ನೊಂದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. 2014ರವರೆಗೆ ತಯಾರಾದ ಅಂಬಾಸಡರ್ ಕಾರು ಆಗಾಗ ಕೆಡುತ್ತಿತ್ತು. ಆದರೆ ಹಳ್ಳಿಯ ಮೆಕ್ಯಾನಿಕ್ ಕೂಡ ಅದನ್ನು ರಿಪೇರಿ ಮಾಡಬಲ್ಲವನಾಗಿದ್ದ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕಡಿಮೆ ಕೆಡುತ್ತಿತ್ತು, ಕೆಟ್ಟರೂ ಬಿಡಿಭಾಗ ಎಲ್ಲೆಡೆ ಸಿಗುತ್ತಿತ್ತು. ಇಂದಿನ ಕಾರುಗಳಲ್ಲಿ ಎಂಜಿನ್ನಿಗಿಂತ ಸೆನ್ಸರು, ವೈರಿಂಗ್, ಗಣಕ ನಿಯಂತ್ರಣ ಘಟಕಗಳ ದೋಷಗಳೇ ಗಮನ ಸೆಳೆಯುತ್ತವೆ. ಅವುಗಳನ್ನು ಪತ್ತೆಹಚ್ಚಲು ಕಂಪೆನಿಯ ತಪಾಸಣಾ ಸಾಧನ ಬೇಕಾಗುವುದರಿಂದ ಅಧಿಕೃತ ಸರ್ವಿಸ್ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದು ಮೊದಲ ಪ್ರಶ್ನೆಯಾಗಬೇಕು.

ಸರ್ವಿಸಿಗಾಗಿ ಪ್ರತಿ ಬಾರಿಯೂ ಹುಬ್ಬಳ್ಳಿ, ಮಡಗಾಂವ ಅಥವಾ ಮಂಗಳೂರಿಗೆ ಹೋಗಬೇಕಾಗುವ ಕಾರು ಎಷ್ಟೇ ಉತ್ತಮವಾಗಿದ್ದರೂ, ಪ್ರತಿ ಸರ್ವಿಸಿಗೆ ವರ್ತಕನ ಒಂದು ಪೂರ್ಣ ದಿನವನ್ನು ತೆಗೆದುಕೊಳ್ಳುತ್ತದೆ. ಅಂಗಡಿಯ ಒಂದು ದಿನದ ಆದಾಯವನ್ನೋ, ಅಥವಾ ಬಾಡಿಗೆ ಕಾರಿನ ಒಂದು ದಿನದ ದರವನ್ನೋ ಹಿಡಿದು, ವರ್ಷದಲ್ಲಿ ಹೀಗೆ ಕಳೆಯುವ ದಿನಗಳಿಂದ ಗುಣಿಸಿದರೆ ಅವಿಶ್ವಾಸಾರ್ಹತೆಯ ಬೆಲೆ ರೂಪಾಯಿಗಳಲ್ಲಿಯೇ ಸಿಗುತ್ತದೆ. ದಿನಕ್ಕೆ 5,000 ರೂ.ಗಳಂತೆ, ವರ್ಷಕ್ಕೆ ಎರಡೇ ದಿನ ಹೆಚ್ಚಿಗೆ ಕಳೆದರೂ ಹತ್ತು ವರ್ಷಗಳಲ್ಲಿ ಒಂದು ಲಕ್ಷ ರೂ. ಆಗುತ್ತದೆ.

ಕರಾವಳಿಯಲ್ಲಿ ವಿಶ್ವಾಸಾರ್ಹತೆಯ ದೊಡ್ಡ ಶತ್ರು ತುಕ್ಕು. ಗಾಳಿಯಲ್ಲಿರುವ ಉಪ್ಪಿನ ಕಣಗಳು ತೇವವನ್ನು ಹಿಡಿದಿಟ್ಟುಕೊಂಡು ಉಕ್ಕಿನ ಮೇಲಿನ ಬಣ್ಣದ ಸಣ್ಣ ಗೀರಿನಿಂದಲೇ ಕೆಲಸ ಆರಂಭಿಸುತ್ತವೆ. ಬಾಗಿಲುಗಳ ಕೆಳಭಾಗದಲ್ಲಿ ನೀರು ಹೊರಹೋಗಲೆಂದು ಇರುವ ರಂಧ್ರಗಳು ಎಲೆ, ಕೆಸರಿನಿಂದ ಮುಚ್ಚಿಕೊಂಡರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಬ್ಯಾಟರಿಯ ತುದಿಗಳು, ವೈರಿಂಗಿನ ಜೋಡಣೆಗಳು, ಏರ್ ಕಂಡೀಷನರಿನ ಮುಂಭಾಗದ ಕಂಡೆನ್ಸರ್, ಬ್ರೇಕ್ ಡಿಸ್ಕುಗಳು ಇವೆಲ್ಲವೂ ಉಪ್ಪಿನ ಪ್ರಭಾವಕ್ಕೆ ಒಳಗಾಗುತ್ತವೆ. ಒಂದೆರಡು ಕಿಲೋಮೀಟರು ಮಾತ್ರ ಓಡುವ ಕಾರಿನಲ್ಲಿ ಸೈಲೆನ್ಸರ್ ಪೂರ್ತಿ ಕಾಯದೆ ಅದರೊಳಗೆ ನೀರು ನಿಲ್ಲುವುದರಿಂದ ಅದೂ ಬೇಗ ತೂತಾಗುತ್ತದೆ. ಮೀನಿನ ವ್ಯಾಪಾರದಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗಳನ್ನು ಕಾರಿನಲ್ಲಿಯೇ ಸಾಗಿಸುವ ರೂಢಿಯಿದ್ದರೆ, ಸೋರುವ ಉಪ್ಪುನೀರು ನೆಲದ ತಗಡನ್ನು ಒಳಗಿನಿಂದ ತಿನ್ನುತ್ತದೆ. ಆದುದರಿಂದ ಕೊಳ್ಳುವಾಗ ಸತುವಿನ ಲೇಪವಿರುವ ಉಕ್ಕನ್ನು ಯಾವ ಭಾಗಗಳಲ್ಲಿ ಬಳಸಲಾಗಿದೆ, ತುಕ್ಕಿನ ವಾರಂಟಿ ಇದೆಯೇ ಎಂದು ಲಿಖಿತವಾಗಿ ಕೇಳತಕ್ಕದ್ದು. ಕೊಂಡ ಮೇಲೆ ಸಿಹಿನೀರಿನಿಂದ ಅಡಿಭಾಗವನ್ನು ಆಗಾಗ ತೊಳೆಸುವುದು, ಮಳೆಗಾಲಕ್ಕೆ ಮುಂಚೆ ತುಕ್ಕುನಿರೋಧಕ ಲೇಪನವನ್ನು ಪರೀಕ್ಷಿಸುವುದು ಅತಿ ಅಗ್ಗದ ವಿಮೆ.

ಮರುಮಾರಾಟ ಮೌಲ್ಯದ ಲೆಕ್ಕ

ಮರುಮಾರಾಟ ಮೌಲ್ಯವು ಕಾರನ್ನು ಮಾರುವ ದಿನ ನಿರ್ಧಾರವಾಗುತ್ತದೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದರ ಬಹುಭಾಗ ಕೊಳ್ಳುವ ದಿನವೇ ನಿರ್ಧಾರವಾಗಿರುತ್ತದೆ. ಒಂದು ಉದಾಹರಣೆಯನ್ನು, ಲೆಕ್ಕಕ್ಕೆಂದು ಹಿಡಿದ ಅಂಕಿಗಳೊಂದಿಗೆ, ನೋಡಬಹುದು.

ಮೊದಲನೆಯ ಕಾರು ರಸ್ತೆಗಿಳಿಯಲು 10 ಲಕ್ಷ ರೂ., ಎರಡನೆಯದು 9 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಐದು ವರ್ಷಗಳ ನಂತರ ಮೊದಲನೆಯದು 5.5 ಲಕ್ಷಕ್ಕೂ ಎರಡನೆಯದು 3.5 ಲಕ್ಷಕ್ಕೂ ಮಾರಾಟವಾದರೆ ನಷ್ಟ ಕ್ರಮವಾಗಿ 4.5 ಲಕ್ಷ ಮತ್ತು 5.5 ಲಕ್ಷ ರೂ. ವರ್ಷಕ್ಕೆ 15,000 ಕಿ.ಮೀ.ನಂತೆ 75,000 ಕಿ.ಮೀ. ಓಡಿದ್ದರೆ, ಬೆಲೆಯಿಳಿತವೊಂದೇ ಪ್ರತಿ ಕಿ.ಮೀ.ಗೆ 6 ರೂ. ಮತ್ತು 7.33 ರೂ. ಆಗುತ್ತದೆ. ಅಗ್ಗವೆಂದು ಕೊಂಡ ಕಾರೇ ದುಬಾರಿಯಾಯಿತು. ಅದೇ ಕಾರುಗಳನ್ನು ಹತ್ತು ವರ್ಷ ಇಟ್ಟುಕೊಂಡು ಕ್ರಮವಾಗಿ 2.5 ಲಕ್ಷ ಮತ್ತು 1.5 ಲಕ್ಷಕ್ಕೆ ಮಾರಿದರೆ ಎರಡರ ನಷ್ಟವೂ 7.5 ಲಕ್ಷ, ಪ್ರತಿ ಕಿ.ಮೀ.ಗೆ ಎರಡೂ 5 ರೂ. ಹತ್ತನೆಯ ವರ್ಷಕ್ಕೆ ಮರುಮಾರಾಟ ಮೌಲ್ಯದ ವ್ಯತ್ಯಾಸ ಅಳಿಸಿಹೋಗಿ, ಯಾವ ಕಾರು ದುರಸ್ತಿಗೆ ಕಡಿಮೆ ಹಣ ಕೇಳಿತೆಂಬುದು ಮಾತ್ರ ಉಳಿಯುತ್ತದೆ.

ಹಳೆಯ ಕಾರಿಗೆ ಬೆಲೆ ಬರುವುದು ಮುಂದಿನ ಗ್ರಾಹಕನ ನಂಬಿಕೆಯಿಂದ. ಬಿಡದಿಯ ಕಾರ್ಖಾನೆಯಿಂದ 2000ರಲ್ಲಿ ಹೊರಬಂದ ಟೊಯೋಟಾ ಕ್ವಾಲಿಸ್ ಹಾಗೂ 2005ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾ ವಾಹನಗಳು ಲಕ್ಷಗಟ್ಟಲೆ ಕಿಲೋಮೀಟರು ಓಡಿದ ಮೇಲೂ ಗ್ರಾಹಕರನ್ನು ಕಳೆದುಕೊಳ್ಳಲಿಲ್ಲ. ಎಂಜಿನ್ ಹಾಗೂ ಗೇರ್‌ಬಾಕ್ಸಿನ ಬಾಳಿಕೆಯ ಬಗ್ಗೆ ಟ್ಯಾಕ್ಸಿ ಮಾಲೀಕರಿಗೆ ಇದ್ದ ಅನುಭವವೇ ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾಗಿ, ತಯಾರಕ ಕಂಪೆನಿಯು ದೇಶವನ್ನು ಬಿಟ್ಟರೆ ಚೆನ್ನಾಗಿರುವ ಕಾರಿನ ಬೆಲೆಯೂ ಕುಸಿಯುತ್ತದೆ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ ಕಂಪೆನಿಯು ಇಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2022ರಲ್ಲಿ ಡಾಟ್ಸನ್ ಹೆಸರು ಮಾರುಕಟ್ಟೆಯಿಂದ ಮರೆಯಾಯಿತು. ಇವುಗಳಲ್ಲಿ ಚಾಲನೆಗೆ ಅತ್ಯಂತ ಹಿತವಾದವುಗಳೆಂದು ಹೆಸರಾದ ಕಾರುಗಳೂ ಇದ್ದವು. ಕಂಪೆನಿಗಳು ಬಿಡಿಭಾಗ ಮತ್ತು ಸರ್ವಿಸಿನ ಭರವಸೆ ಕೊಟ್ಟರೂ, ಸಣ್ಣ ಊರಿನ ಗ್ರಾಹಕ ಹಿಂಜರಿಯುವುದು ಸಹಜ. ಆದುದರಿಂದ ಹೊಸ ಕಂಪೆನಿಯ ಅಥವಾ ಕಡಿಮೆ ಮಾರಾಟವಾಗುವ ಮಾದರಿಯನ್ನು ಕೊಳ್ಳುವವರು ಅದನ್ನು ದೀರ್ಘಕಾಲ ಇಟ್ಟುಕೊಳ್ಳುವ ಸಿದ್ಧತೆಯಿಂದಲೇ ಕೊಳ್ಳುವುದು ಲೇಸು.

ಹೊಸ ಕಾರಿನ ಬೆಲೆಯೂ ಹಳೆಯ ಕಾರಿನ ಬೆಲೆಯನ್ನು ಎಳೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿ.ಸಿ.ವರೆಗಿನ ಪೆಟ್ರೋಲ್ ಹಾಗೂ 1,500 ಸಿ.ಸಿ.ವರೆಗಿನ ಡೀಸೆಲ್ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28 ಹಾಗೂ ಸೆಸ್‌ನಿಂದ ಶೇ. 18ಕ್ಕೆ ಇಳಿಯಿತು. ಹೊಸ ಕಾರು ಅಗ್ಗವಾದ ದಿನ, ಅದೇ ಮಾದರಿಯ ಒಂದು ವರ್ಷ ಹಳೆಯ ಕಾರಿಗೆ ಹಿಂದಿನ ಬೆಲೆ ಕೇಳುವಂತಿಲ್ಲ.

ವಿಮಾ ಪಾಲಿಸಿಯಲ್ಲಿ ನಮೂದಾಗುವ ಘೋಷಿತ ಮೌಲ್ಯವನ್ನು ಮಾರುಕಟ್ಟೆಯ ಬೆಲೆಯೆಂದು ತಿಳಿಯಬಾರದು. ಅದು ತಯಾರಕರ ದರಪಟ್ಟಿಯ ಬೆಲೆಯಿಂದ ನಿಗದಿತ ಪ್ರಮಾಣದಲ್ಲಿ, ಎರಡನೆಯ ವರ್ಷದಲ್ಲಿ ಶೇ. 20, ಮೂರನೆಯದರಲ್ಲಿ ಶೇ. 30, ನಾಲ್ಕನೆಯದರಲ್ಲಿ ಶೇ. 40, ಐದನೆಯದರಲ್ಲಿ ಶೇ. 50ರಂತೆ ಸವಕಳಿ ಕಳೆದು ಲೆಕ್ಕ ಹಾಕಿದ ಮೊತ್ತ. ನೋಂದಣಿ ವೆಚ್ಚ ಮತ್ತು ಜೀವಾವಧಿ ತೆರಿಗೆ ಇದರಲ್ಲಿ ಸೇರುವುದಿಲ್ಲ.

ತೆರಿಗೆ, ಲೆಕ್ಕಪುಸ್ತಕ ಮತ್ತು ಗಡಿ

ಸಂಸ್ಥೆಯ ಹೆಸರಿನಲ್ಲಿ ಕಾರು ಕೊಳ್ಳುವ ವರ್ತಕರು ಕೆಲವು ಅಂಶಗಳನ್ನು ಗಮನಿಸಬೇಕು. ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಮೇಲೆ ತೆತ್ತ ಜಿ.ಎಸ್.ಟಿ.ಗೆ, ವಾಹನಗಳನ್ನು ಮಾರುವ, ಪ್ರಯಾಣಿಕರನ್ನು ಸಾಗಿಸುವ ಅಥವಾ ಚಾಲನಾ ತರಬೇತಿ ನೀಡುವ ಉದ್ಯಮದವರನ್ನು ಬಿಟ್ಟು ಉಳಿದವರಿಗೆ, ಹೂಡುವಳಿ ತೆರಿಗೆ ಜಮೆ ದೊರಕುವುದಿಲ್ಲ. ಸರಕು ಸಾಗಣೆ ವಾಹನಕ್ಕೆ ದೊರಕುತ್ತದೆ. ಸರಕನ್ನೂ ಮನೆಯವರನ್ನೂ ಒಂದೇ ಕಾರಿನಲ್ಲಿ ಸಾಗಿಸುವ ಬದಲು, ಸರಕಿಗೆ ಸಣ್ಣ ಟೆಂಪೋವನ್ನೂ ಓಡಾಟಕ್ಕೆ ಚಿಕ್ಕ ಕಾರನ್ನೂ ಇಟ್ಟುಕೊಳ್ಳುವುದು ಕೆಲವೊಮ್ಮೆ ಹೆಚ್ಚು ಲಾಭದಾಯಕವೆನಿಸುವುದು ಈ ಕಾರಣದಿಂದ.

ವ್ಯವಹಾರಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆಯಲ್ಲಿ ಇಳಿಕೆಯ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15ರಷ್ಟು ಸವಕಳಿ ದೊರಕುತ್ತದೆ. ಕಾರನ್ನು ಮಾರುವಾಗ, ಮಾರಾಟದ ಬೆಲೆಯು ಪುಸ್ತಕದಲ್ಲಿ ಉಳಿದ ಮೌಲ್ಯಕ್ಕಿಂತ ಹೆಚ್ಚಿದ್ದರೆ ಆ ವ್ಯತ್ಯಾಸದ ಮೇಲೆ ಮಾತ್ರ ನೋಂದಾಯಿತ ವರ್ತಕನು ಜಿ.ಎಸ್.ಟಿ. ತೆರಬೇಕು. 2025ರ ಜನವರಿಯ ತಿದ್ದುಪಡಿಯ ನಂತರ ಈ ದರ ಎಲ್ಲ ಬಗೆಯ ಹಳೆಯ ಕಾರುಗಳಿಗೂ ಶೇ. 18. ಮೇಲಿನ ಉದಾಹರಣೆಯ 10 ಲಕ್ಷದ ಕಾರಿಗೆ ಪೂರ್ಣ ಸವಕಳಿ ಪಡೆದಿದ್ದರೆ ಐದು ವರ್ಷದ ಕೊನೆಗೆ ಪುಸ್ತಕ ಮೌಲ್ಯ ಸುಮಾರು 4.44 ಲಕ್ಷ ರೂ. ಅದನ್ನು 5.5 ಲಕ್ಷಕ್ಕೆ ಮಾರಿದರೆ 1.06 ಲಕ್ಷದ ವ್ಯತ್ಯಾಸದ ಮೇಲೆ ಸುಮಾರು 19,000 ರೂ. ತೆರಿಗೆ ಬೀಳುತ್ತದೆ. ಎರಡನೆಯ ಕಾರಿನ ಮಾರಾಟದ ಬೆಲೆ ಪುಸ್ತಕ ಮೌಲ್ಯಕ್ಕಿಂತ ಕಡಿಮೆಯಾದ್ದರಿಂದ ತೆರಿಗೆಯಿಲ್ಲ. ಒಳ್ಳೆಯ ಮರುಮಾರಾಟ ಮೌಲ್ಯದ ಲಾಭದಲ್ಲಿ ಒಂದಂಶ ಹೀಗೆ ಹೊರಹೋಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಗಡಿಯಾಚೆಯ ಗೋವೆಯಲ್ಲಿ ವಾಹನ ತೆರಿಗೆ ಕಡಿಮೆಯೆಂದು ಅಲ್ಲಿನ ನೋಂದಣಿಯ ಕಾರನ್ನು ಕೊಳ್ಳುವ ಆಸೆ ಕಾರವಾರದವರಿಗೆ ಸಹಜ. ಆದರೆ ಹೊರರಾಜ್ಯದ ವಾಹನವು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ನೆಲೆಸಿದರೆ ಮರುನೋಂದಣಿ ಕಡ್ಡಾಯ. ಆಗ ಕರ್ನಾಟಕದ ಜೀವಾವಧಿ ತೆರಿಗೆಯನ್ನು ವಾಹನದ ವಯಸ್ಸಿಗೆ ಅನುಗುಣವಾಗಿ ತೆರಬೇಕಾಗುತ್ತದೆ. ಕದಂಬ ನೌಕಾನೆಲೆ ಹಾಗೂ ಕೈಗಾ ಅಣುವಿದ್ಯುತ್ ಸ್ಥಾವರಗಳಂತಹ ಕಡೆ ವರ್ಗಾವಣೆಯಾಗಿ ಬಂದು ಹೋಗುವವರ ಕಾರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆ ತೆರಿಗೆಯನ್ನು ಬೆಲೆಗೆ ಸೇರಿಸಿದ ಮೇಲೆಯೇ ಕೆ.ಎ. 30ರ ಕಾರಿನೊಂದಿಗೆ ಹೋಲಿಸತಕ್ಕದ್ದು.

ಇಂಧನದ ಆಯ್ಕೆ

2020ರ ಏಪ್ರಿಲ್ 1ರಂದು ಬಿ.ಎಸ್. 6 ಮಾನದಂಡ ಜಾರಿಗೆ ಬಂದ ನಂತರ ಸಣ್ಣ ಡೀಸೆಲ್ ಕಾರುಗಳು ಬಹುತೇಕ ಮರೆಯಾದವು. ಉಳಿದವುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿರುತ್ತದೆ. ಕಾರು ಸಾಕಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿ ಕೊಳವೆ ಕಾದಾಗ ಮಾತ್ರ ಈ ಮಸಿ ಉರಿದುಹೋಗುತ್ತದೆ. ಬೈತಖೋಲದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಶಿರವಾಡದ ಕೈಗಾರಿಕಾ ಪ್ರದೇಶಕ್ಕೆ ಎಂದು ಊರೊಳಗೇ ಓಡುವ ಡೀಸೆಲ್ ಕಾರಿನಲ್ಲಿ ಶೋಧಕ ಕಟ್ಟಿಕೊಳ್ಳುತ್ತದೆ. ವಾರಕ್ಕೆರಡು ಬಾರಿ ಹುಬ್ಬಳ್ಳಿಗೆ ಹೋಗಿಬರುವ ಅಂಕೋಲೆಯ ವರ್ತಕನ ಕಾರಿನಲ್ಲಿ ಈ ತೊಂದರೆ ಕಡಿಮೆ. ಒಬ್ಬನಿಗೆ ವಿಶ್ವಾಸಾರ್ಹವಾದ ಕಾರು ಇನ್ನೊಬ್ಬನಿಗೆ ಹಾಗಿರಬೇಕಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಖರ್ಚಿನ ಲೆಕ್ಕವೂ ಇದೇ ದಿಕ್ಕನ್ನು ತೋರಿಸುತ್ತದೆ. ಪೆಟ್ರೋಲ್ ಲೀಟರಿಗೆ 100 ರೂ., ಓಟ 15 ಕಿ.ಮೀ.; ಡೀಸೆಲ್ 90 ರೂ., ಓಟ 18 ಕಿ.ಮೀ. ಎಂದು ಹಿಡಿದರೆ ಪ್ರತಿ ಕಿ.ಮೀ.ಗೆ ಉಳಿತಾಯ 1.67 ರೂ. ಡೀಸೆಲ್ ಕಾರಿಗೆ 1.25 ಲಕ್ಷ ರೂ. ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು 75,000 ಕಿ.ಮೀ. ಓಡಬೇಕು. ವರ್ಷಕ್ಕೆ 15,000 ಕಿ.ಮೀ. ಓಡಿಸುವವನಿಗೆ ಐದು ವರ್ಷ, 6,000 ಕಿ.ಮೀ. ಮಾತ್ರ ಓಡಿಸುವವನಿಗೆ ಹನ್ನೆರಡೂವರೆ ವರ್ಷ.

ಶೇ. 5ರ ಜಿ.ಎಸ್.ಟಿ. ಇರುವ ವಿದ್ಯುತ್ ಕಾರುಗಳು ದಿನವೂ ನಿಗದಿತ ದೂರ ಓಡಿ ರಾತ್ರಿ ಮನೆಯಲ್ಲಿಯೇ ಚಾರ್ಜ್ ಆಗುವವರಿಗೆ ಪ್ರತಿ ಕಿ.ಮೀ. ವೆಚ್ಚದಲ್ಲಿ ಬಹಳ ಅಗ್ಗ. ಆದರೆ ಅವುಗಳ ಹಳೆಯ ಕಾರಿನ ಮಾರುಕಟ್ಟೆ ಇನ್ನೂ ಎಳೆಯದು. ಬೆಲೆಯು ಬ್ಯಾಟರಿಯ ಆರೋಗ್ಯ ಹಾಗೂ ಉಳಿದ ವಾರಂಟಿಯನ್ನು ಅವಲಂಬಿಸಿರುತ್ತದೆ. ಮರುಮಾರಾಟದ ಆದಾಯವನ್ನು ನಂಬದೆ, ಓಟದ ಉಳಿತಾಯದಿಂದಲೇ ಬಂಡವಾಳ ಮರಳುವುದೇ ಎಂದು ನೋಡುವುದು ಕ್ಷೇಮ.

ಚಾಲನೆಯ ಸುಖ: ಶೋಕಿಯೇ, ಅಗತ್ಯವೇ?

ವರ್ತಕ ಸಮುದಾಯದಲ್ಲಿ ಚಾಲನೆಯ ಸುಖದ ಮಾತೆತ್ತಿದರೆ ಅದು ಯುವಕರ ಶೋಕಿಯೆಂದು ತಳ್ಳಿಹಾಕುವುದುಂಟು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ವರ್ಷಕ್ಕೆ 20,000 ಕಿ.ಮೀ. ದೂರವನ್ನು ಗಂಟೆಗೆ ಸರಾಸರಿ 40 ಕಿ.ಮೀ.ನಂತೆ ಕ್ರಮಿಸುವವನು ಸ್ಟೀರಿಂಗಿನ ಹಿಂದೆ 500 ಗಂಟೆ, ಅಂದರೆ ಎಂಟು ಗಂಟೆಯ 60ಕ್ಕೂ ಹೆಚ್ಚು ಕೆಲಸದ ದಿನಗಳನ್ನು ಕಳೆಯುತ್ತಾನೆ. ಬೆನ್ನಿಗೆ ಒಪ್ಪದ ಆಸನ, ಭಾರವಾದ ಕ್ಲಚ್, ತಿರುವಿನಲ್ಲಿ ಓಲಾಡುವ ದೇಹ ಇವು ಹುಬ್ಬಳ್ಳಿಯ ಮಾರುಕಟ್ಟೆ ತಲುಪುವ ಹೊತ್ತಿಗೇ ಅವನನ್ನು ದಣಿಸಿರುತ್ತವೆ. ದಣಿದವನು ವ್ಯಾಪಾರವನ್ನೂ ಸರಿಯಾಗಿ ಮಾಡಲಾರ, ರಾತ್ರಿ ಘಟ್ಟವನ್ನೂ ಸುರಕ್ಷಿತವಾಗಿ ಇಳಿಯಲಾರ.

ಆದುದರಿಂದ ಚಾಲನೆಯ ಸುಖವನ್ನು ವೇಗದಿಂದ ಅಳೆಯದೆ, ಈ ಭಾಗದ ರಸ್ತೆಗೆ ಬೇಕಾದ ಗುಣಗಳಿಂದ ಅಳೆಯಬೇಕು. ಘಟ್ಟದಲ್ಲಿ ಎರಡನೆಯ ಗೇರಿನಲ್ಲಿ ಉಸಿರುಗಟ್ಟದೆ ಏರುವ ಎಂಜಿನ್, ಇಳಿಜಾರಿನಲ್ಲಿ ಎಂಜಿನ್ ಬ್ರೇಕಿನ ಹಿಡಿತ, ಒದ್ದೆ ರಸ್ತೆಯಲ್ಲಿ ಚಕ್ರ ಜಾರದಂತೆ ತಡೆಯುವ ಸ್ಥಿರತಾ ನಿಯಂತ್ರಣ, ಜೋರು ಮಳೆಯಲ್ಲಿ ಗಾಜನ್ನು ಶುಭ್ರವಾಗಿಡುವ ವೈಪರ್ ಮತ್ತು ಏರ್ ಕಂಡೀಷನರ್, ಪ್ರಖರವಾದ ಮುಂಭಾಗದ ದೀಪ ಇವೇ ಇಲ್ಲಿನ ಸುಖ. ಕ್ಲಚ್ ಇಲ್ಲದ ಸ್ವಯಂಚಾಲಿತ ಕಾರುಗಳು ಊರಿನಲ್ಲಿ ಹಿತವಾಗಿದ್ದರೂ, ಅವುಗಳಲ್ಲಿ ಕೆಲವು ಬಗೆಯವು ಲಾರಿಗಳ ಹಿಂದೆ ಘಟ್ಟದಲ್ಲಿ ತೆವಳುವಾಗ ಬಿಸಿಯಾಗುತ್ತವೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಸುರಕ್ಷತಾ ಶ್ರೇಣಿಯನ್ನೂ ಇದರೊಂದಿಗೆ ನೋಡುವುದು ಉಚಿತ. ಶೋರೂಮಿನ ಸುತ್ತ ಎರಡು ಕಿಲೋಮೀಟರು ಓಡಿಸಿ ತೀರ್ಮಾನಿಸುವ ಬದಲು, ಮನೆಯವರನ್ನು ಕೂರಿಸಿಕೊಂಡು ಏರುದಾರಿಯೊಂದರಲ್ಲಿ ಓಡಿಸಿ ನೋಡಲು ಅವಕಾಶ ಕೇಳಬೇಕು. ದಿನಕ್ಕೆ ಹತ್ತು ಕಿಲೋಮೀಟರು ಮಾತ್ರ ಓಡಿಸುವವರು ಈ ಗುಣಕ್ಕೆಂದು ಲಕ್ಷಗಟ್ಟಲೆ ಹೆಚ್ಚು ಕೊಡುವ ಅಗತ್ಯವಿಲ್ಲ.

ಹಳೆಯ ಕಾರನ್ನು ಕೊಳ್ಳುವವರಿಗೆ, ಮಾರುವವರಿಗೆ

ಮೂರು–ನಾಲ್ಕು ವರ್ಷ ಹಳೆಯ ಕಾರನ್ನು ಕೊಳ್ಳುವವನು ಬೆಲೆಯಿಳಿತದ ದೊಡ್ಡ ಪಾಲನ್ನು ಮೊದಲ ಮಾಲೀಕನಿಗೆ ಬಿಟ್ಟುಕೊಡುತ್ತಾನೆ. ಆದರೆ ಕರಾವಳಿಯಲ್ಲಿ ಹೊರಗಿನ ಹೊಳಪನ್ನು ನಂಬುವಂತಿಲ್ಲ. ನೆಲದ ಹಾಸನ್ನು ಎತ್ತಿ, ಹೆಚ್ಚುವರಿ ಚಕ್ರವಿಡುವ ಗುಂಡಿಯನ್ನು ತೆರೆದು, ಕಾರನ್ನು ಲಿಫ್ಟಿಗೆ ಏರಿಸಿ ಅಡಿಭಾಗವನ್ನು ನೋಡತಕ್ಕದ್ದು. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳ ನೆರೆಗಳಲ್ಲಿ ಕಾಳಿ ಮತ್ತು ಗಂಗಾವಳಿ ತೀರದ ಪ್ರದೇಶಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಕಂಡರೆ, ಆಸನಗಳ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಕಾರು ನೀರಿನಲ್ಲಿ ನಿಂತಿತ್ತೆಂದು ಅನುಮಾನಿಸಬೇಕು. ಸರ್ವಿಸ್ ದಾಖಲೆಯಲ್ಲಿರುವ ಕಿಲೋಮೀಟರನ್ನು ಮೀಟರಿನೊಂದಿಗೆ ತಾಳೆ ನೋಡಬೇಕು.

ಸ್ವಂತ ಕಾರು ನೀರಿನಲ್ಲಿ ನಿಂತಾಗ ಎಂಜಿನ್ ಚಾಲೂ ಮಾಡಲು ಯತ್ನಿಸಬಾರದು. ಒಳಗೆ ಸೇರಿದ ನೀರಿನಿಂದ ಎಂಜಿನ್ ಮುರಿದರೆ, ಪ್ರತ್ಯೇಕವಾಗಿ ಎಂಜಿನ್ ರಕ್ಷಣೆಯ ಸೌಲಭ್ಯವನ್ನು ಪಡೆಯದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಈ ಭಾಗದಲ್ಲಿ ಆ ಸೌಲಭ್ಯಕ್ಕೆ ತೆರುವ ಹೆಚ್ಚುವರಿ ಕಂತು ವ್ಯರ್ಥವಲ್ಲ.

ಮಾರುವವರೂ ಎಚ್ಚರದಿಂದಿರಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಹಣ ಎಣಿಸಿಕೊಂಡರೆ ಕೆಲಸ ಮುಗಿಯಲಿಲ್ಲ. ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ, ಅಪಘಾತ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನ ಮೇಲೆಯೇ ಇರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಾಲ ತೀರಿದ ಮೇಲೆ ಫಾರಂ 35ರ ಮೂಲಕ ಬ್ಯಾಂಕಿನ ಹೆಸರನ್ನು ತೆಗೆಸಿಟ್ಟಿರುವುದು, ಸರ್ವಿಸ್ ರಸೀದಿಗಳನ್ನು ಒಂದು ಕಡತದಲ್ಲಿ ಜೋಪಾನ ಮಾಡಿರುವುದು ಒಳ್ಳೆಯ ಬೆಲೆ ಬರಲು ಸಹಾಯಕ. ಕ್ಲೇಮು ಮಾಡದ ವರ್ಷಗಳಿಗೆ ಶೇ. 20ರಿಂದ 50ರವರೆಗೆ ದೊರಕುವ ವಿಮಾ ರಿಯಾಯಿತಿಯು ಕಾರಿಗಲ್ಲ, ಮಾಲೀಕನಿಗೆ ಸೇರಿದ್ದು. ಅದನ್ನು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಲು ಮರೆಯಬಾರದು.

ಒಟ್ಟು ತೂಕ

ಮೇಲಿನದೆಲ್ಲವನ್ನೂ ಮೂರು ಬಗೆಯ ಗ್ರಾಹಕರಿಗೆ ಅನ್ವಯಿಸಿ ನೋಡಬಹುದು. ಊರೊಳಗೇ ಓಡಾಡುವ, ವರ್ಷಕ್ಕೆ 6,000 ಕಿ.ಮೀ. ದಾಟದ ಕಾರವಾರದ ಅಂಗಡಿಕಾರರು ಹತ್ತಿರದ ಸರ್ವಿಸ್ ಮತ್ತು ತುಕ್ಕಿನ ರಕ್ಷಣೆಯನ್ನು ಮೊದಲು ನೋಡಿ, ಹೆಚ್ಚು ಮಾರಾಟವಾಗುವ ಸಣ್ಣ ಪೆಟ್ರೋಲ್ ಕಾರನ್ನೋ, ಚೆನ್ನಾಗಿ ನೋಡಿಕೊಂಡ ಹಳೆಯ ಕಾರನ್ನೋ ಆರಿಸಿಕೊಳ್ಳುವುದು ಯುಕ್ತ. ವಾರವಾರವೂ ಘಟ್ಟ ಹತ್ತುವ ಅಂಕೋಲೆಯ ಸಗಟು ವರ್ತಕರು ಚಾಲನೆಯ ಸುಖಕ್ಕೆ ಹೆಚ್ಚು ಹಣ ಕೊಟ್ಟರೆ ಅದು ದುಂದುವೆಚ್ಚವಲ್ಲ. ಆದರೆ ಅದು ಎಂಜಿನ್, ಬ್ರೇಕ್, ಆಸನಗಳಿಗೆ ಹೋಗಬೇಕು, ಪರದೆ ಮತ್ತು ಮೇಲ್ಛಾವಣಿಯ ಗಾಜಿಗಲ್ಲ. ನಾಲ್ಕು ವರ್ಷಗಳಿಗೊಮ್ಮೆ ಕಾರು ಬದಲಿಸುವ ಉದ್ಯಮಿಗಳು ಮರುಮಾರಾಟ ಮೌಲ್ಯವನ್ನೇ ಮುಂದಿಟ್ಟುಕೊಂಡು, ಬಣ್ಣ, ಮಾದರಿ, ಇಂಧನ ಎಲ್ಲವನ್ನೂ ಮುಂದಿನ ಗ್ರಾಹಕನ ಕಣ್ಣಿನಿಂದ ಆರಿಸಬೇಕು.

ಶೋರೂಮಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಇಟ್ಟುಕೊಳ್ಳುವ ವರ್ಷ, ಓಡುವ ಕಿಲೋಮೀಟರು, ಸ್ಟೀರಿಂಗ್ ಹಿಂದಿನ ಗಂಟೆ ಈ ಮೂರನ್ನು ಬರೆದುಕೊಂಡು, ಆಯ್ಕೆಯಲ್ಲಿರುವ ಪ್ರತಿ ಕಾರಿಗೂ ಬೆಲೆಯಿಳಿತ, ಇಂಧನ, ದುರಸ್ತಿ, ವಿಮೆ ಹಾಗೂ ಕಳೆಯುವ ದಿನಗಳ ವೆಚ್ಚವನ್ನು ಕೂಡಿಸಿ ಪ್ರತಿ ಕಿಲೋಮೀಟರಿನ ದರವನ್ನು ಕಂಡುಕೊಂಡರೆ ಅರ್ಧ ಗೊಂದಲ ಅಲ್ಲಿಯೇ ನಿವಾರಣೆಯಾಗುತ್ತದೆ. ಎರಡು ಕಾರುಗಳ ದರದಲ್ಲಿ ಅಂತರ ಅಲ್ಪವಾಗಿದ್ದರೆ ಮನಸ್ಸಿಗೆ ಹಿಡಿಸಿದ ಕಾರನ್ನೇ ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಅಂತರ ದೊಡ್ಡದಾಗಿದ್ದರೆ, ಆ ಮೆಚ್ಚುಗೆಗೆ ವರ್ಷಕ್ಕೆ ಎಷ್ಟು ರೂಪಾಯಿ ತೆರುತ್ತಿದ್ದೇವೆಂಬ ಅರಿವಾದರೂ ಇರಬೇಕು.